ಪಳಗಿದ ಕೈ

ಈಗ ಕಾರ್ಖಾನೆ, ಷೋರೂಮುಗಳಿಂದ ತುಂಬಿರುವ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನ ಬಾಲ್ಯ ಕಳೆಯಿತು. ಪಂಚಮಿ ಹಬ್ಬಕ್ಕೆ ನಮ್ಮ ಓಣಿಗೆ ಹಾವಾಡಿಗ ಬರುತ್ತಿದ್ದ. ಬುಟ್ಟಿಯ ಮುಚ್ಚಳ ತೆಗೆದು ಪುಂಗಿ ಊದಿದರೆ ನಾಗರಹಾವು ಹೆಡೆಯೆತ್ತಿ ತೂಗುತ್ತಿತ್ತು.

“ಹೆಂಗ ಪಳಗಿಸೀದಿ ತಮ್ಮಾ ಇದನ್ನ?” ಎಂದು ಅಜ್ಜಿ ಒಮ್ಮೆ ಕೇಳಿದಳು.

“ಇದು ಪಳಗಂಗಿಲ್ಲ ಬೇ ಯವ್ವಾ. ನನ್ನ ಕೈ ಪಳಗೈತಿ.”

ಆ ಮಾತು ನಿಜವೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಹಾವಿಗೆ ಹೊರಗಿವಿಯಿಲ್ಲ, ಪುಂಗಿಯ ನಾದಕ್ಕಿಂತ ಅದರ ಅಲುಗಾಟವನ್ನೇ ಕಣ್ಣಿಟ್ಟು ಹಿಂಬಾಲಿಸುತ್ತದೆ. ಹೆಡೆ ಎತ್ತುವುದು ಹೆದರಿದಾಗ. ದಿನವೂ ಹಿಡಿದರೆ ಆ ಹೆದರಿಕೆ ಕೊಂಚ ತಗ್ಗೀತು, ನಾಯಿಯ ಸಲಿಗೆ ಬಾರದು. ವಿಷದ ಹಲ್ಲು ಕಿತ್ತರೂ ಮತ್ತೆ ಬೆಳೆಯುತ್ತದೆ. ಹಾಲು ಅದರ ಆಹಾರವಲ್ಲ. ನೀರಿಲ್ಲದೆ ಬಳಲಿದ ಹಾವು ಹಾಲನ್ನೂ ಕುಡಿಯುತ್ತದೆ, ಅಷ್ಟೆ.

ಹಾವಾಡಿಗನಿಗೆ ಗಾರುಡಿಗನೆಂಬ ಹೆಸರೂ ಉಂಟು. ಗರುಡನಿಂದ ಬಂದ ಮಾತದು. ಗಾರುಡವೆಂದರೆ ವಿಷ ಇಳಿಸುವ ವಿದ್ಯೆ. 14ನೆಯ ಶತಮಾನದ ಕವಿ ಮಂಗರಾಜ ವಿಷವೈದ್ಯದ ಮೇಲೆ ಕನ್ನಡದಲ್ಲಿ ಒಂದು ಗ್ರಂಥವನ್ನೇ ಬರೆದು ‘ಖಗೇಂದ್ರಮಣಿದರ್ಪಣ’ ಎಂದು ಹೆಸರಿಟ್ಟ. ಖಗೇಂದ್ರನೆಂದರೂ ಗರುಡನೇ. ಇಂದು ಗಾರುಡಿ ಎಂದರೆ ನಮಗೆ ನೆನಪಾಗುವುದು ಕಣ್ಕಟ್ಟು. ವೈದ್ಯನ ಹೆಸರು ಆಟಗಾರನ ಪಾಲಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಲದಿಂದ ನಾಗರಹಾವನ್ನು ಹಿಡಿದು ಆಡಿಸುವುದು ಅಪರಾಧವಾಯಿತು. ಹಾವಿನ ಮಟ್ಟಿಗೆ ಅದು ನ್ಯಾಯ. ಬುಟ್ಟಿ ಹೊತ್ತವನ ಹೊಟ್ಟೆಪಾಡು? ತಮಿಳುನಾಡಿನ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಪರವಾನಗಿ ಪಡೆದು ಹಾವು ಹಿಡಿಯುತ್ತಾರೆ, ವಿಷ ತೆಗೆದು ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ಹಾವು ಕಡಿತದ ಔಷಧಿ ತಯಾರಾಗುತ್ತದೆ. ನಮ್ಮ ಓಣಿಗೆ ಬರುತ್ತಿದ್ದವನಿಗೆ ಅಂಥ ದಾರಿ ಯಾರೂ ತೋರಿಸಲಿಲ್ಲ. ಒಂದು ಪಂಚಮಿಗೆ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಕಳೆದ ಪಂಚಮಿಗೆ ಪಕ್ಕದ ಮನೆಯ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾರೋ ತರುಣ ನಾಗರಹಾವಿಗೆ ಮುತ್ತಿಡುತ್ತಿದ್ದ. “ಸಾಕಿದ್ದೈತ್ರಿ ಕಾಕಾ, ಏನೂ ಮಾಡಂಗಿಲ್ಲ” ಎಂದ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು 2024ರಲ್ಲಿ ಕರ್ನಾಟಕ ಸರ್ಕಾರ ಆದೇಶಿಸಿದ್ದನ್ನು ಅವನಿಗೆ ಹೇಳಿದೆ. ಬುಟ್ಟಿಯವನ ಮಾತನ್ನೂ ಹೇಳಿದೆ.

ಹುಡುಗ ಮತ್ತೊಮ್ಮೆ ವಿಡಿಯೋ ನೋಡಿದ. ಈ ಸಲ ಹಾವನ್ನು ಬಿಟ್ಟು, ಆ ತರುಣನ ಕೈ ನೋಡುತ್ತಿದ್ದ.