ಗಡಿ ದಾಟಿದ ಗುರುಗ್ರಹ

ಹಾರುವ ತಟ್ಟೆ ಅಂದ ಕೂಡ್ಲೇ ಎಲ್ಲರಿಗೂ ನೆನಪಾಗೋದು ಅಮೇರಿಕಾ. ಆದ್ರೆ ನನಗೆ ತುಂಬಾ ಇಷ್ಟವಾದ ಯುಎಫ್‌ಒ ತನಿಖೆ ನಡೆದದ್ದು ಲಡಾಖಿನಲ್ಲಿ. ಅದನ್ನು ಬಗೆಹರಿಸಿದ್ದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ!

2012ರ ಆಗಸ್ಟ್. ಪ್ಯಾಂಗಾಂಗ್ ಸರೋವರದ ಹತ್ತಿರ, ಸುಮಾರು 14,000 ಅಡಿ ಎತ್ತರದಲ್ಲಿ ಕಾವಲಿದ್ದ ಸೈನಿಕರಿಗೆ ಚೀನಾ ಕಡೆಯ ದಿಗಂತದಿಂದ ಹಳದಿ ಬೆಳಕಿನ ಉಂಡೆಯೊಂದು ಮೇಲೇಳೋದು ಕಾಣಿಸ್ತು. ಗಂಟೆಗಟ್ಟಲೆ ನಿಧಾನಕ್ಕೆ ಸಾಗಿ ಮಾಯ. ಮರುದಿನವೂ ಅದೇ. ಚೀನಾದ ಬೇಹುಗಾರಿಕೆ ಡ್ರೋನ್ ಅಂತ ಅನುಮಾನ. 2013ರ ಫೆಬ್ರವರಿಯೊಳಗೆ ಸೇನೆ ದಾಖಲಿಸಿದ್ದು 329 ಸಲ; ಅದರಲ್ಲಿ 155 ಸಲ ವಾಸ್ತವ ಗಡಿ ರೇಖೆ ದಾಟಿದೆ ಅಂತ ವರದಿ. ರೇಡಾರ್ ತಂದಿಟ್ಟರೂ ಏನೂ ಸಿಗಲಿಲ್ಲ, ಹಾಗಾಗಿ ಅದು ಲೋಹದ್ದಲ್ಲ ಅಂತ ಪತ್ರಿಕೆಗಳಲ್ಲಿ ಬಂತು. (ಸಿಗೋದಾದ್ರೂ ಹೇಗೆ, ವಸ್ತು ಇದ್ದದ್ದು 60 ಕೋಟಿ ಕಿಲೋಮೀಟರಿಗೂ ಆಚೆ :) )

ಖಭೌತ ಸಂಸ್ಥೆಯ ದೂರದರ್ಶಕ ಲಡಾಖಿನ ಹಾನ್ಲೆಯಲ್ಲೇ ಇದೆ. ಅದನ್ನು ನಡೆಸೋದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಹಾಗಾಗಿ ಸೇನೆ ಇವರನ್ನು ಕೇಳಿದ್ದು ಸಹಜವೇ. ಆ ವಸ್ತು ಆಕಾಶದ್ದೋ ಭೂಮಿಯದ್ದೋ ಅಂತ ಹೇಳೋದಷ್ಟೇ ತಮ್ಮ ಕೆಲಸವಾಗಿತ್ತು ಅಂತ ಸಂಸ್ಥೆಯ ತುಷಾರ್ ಪ್ರಭು ಆಮೇಲೆ ಪತ್ರಿಕೆಗೆ ಹೇಳಿದರು.

ನಮ್ಮ ಕಡೆ ಇದನ್ನು ಡಿಬಗ್ಗಿಂಗ್ ಅಂತೀವಿ. ವಿಜ್ಞಾನಿಗಳು ಮೊದಲು ಕೇಳಿದ್ದು ಲಾಗ್: ದಿಕ್ಕು ಯಾವುದು, ಎಷ್ಟು ಎತ್ತರ, ಎಷ್ಟು ಗಂಟೆಗೆ, ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿದರೆ ಎಲ್ಲಿ? ನಕ್ಷತ್ರ ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತೆ, ತಿಂಗಳಿಗೆ 2 ಗಂಟೆ. ಗ್ರಹಗಳದ್ದು ಇದಕ್ಕಿಂತ ಸ್ವಲ್ಪ ಹೆಚ್ಚು ಕಮ್ಮಿ. ಈ ಲೆಕ್ಕ ಯಾವ ಡ್ರೋನಿಗೂ ಗೊತ್ತಿರಲ್ಲ. ಅಳತೆ ಬಂದ ಮೇಲೆ ಉತ್ತರವೂ ಬಂತು: ಒಂದು ಗುರು, ಇನ್ನೊಂದು ಶುಕ್ರ. 2012ರ ಡಿಸೆಂಬರ್ ಮೊದಲ ವಾರದಲ್ಲಿ ಗುರು ಸೂರ್ಯನಿಗೆ ನೇರ ಎದುರು, ಅಂದರೆ ಸಂಜೆ ಆಗ್ತಿದ್ದಂತೆ ಪೂರ್ವದಲ್ಲಿ, ಚೀನಾ ಕಡೆಯಿಂದಲೇ ಹುಟ್ಟುತ್ತಿತ್ತು. ಶುಕ್ರ ಬೆಳಗಿನ ಜಾವಕ್ಕೆ. ನಮ್ಮ ಅಜ್ಜಿಯಂಥವರು "ಬೆಳ್ಳಿ ಮೂಡ್ತು" ಅಂತ ಎದ್ದು ಕೊಟ್ಟಿಗೆಗೆ ಹೋಗ್ತಿದ್ದದ್ದು ಇದೇ ಶುಕ್ರನನ್ನು ನೋಡಿ. ಆ ಎತ್ತರದ ತೆಳು ಗಾಳಿಯಲ್ಲಿ ಅದು ಇನ್ನೂ ಹೊಳೆಯುತ್ತೆ.

ಇದನ್ನು ಓದಿ ನಕ್ಕವರು ಬಹಳ. ನನಗೆ ನಗು ಬರಲಿಲ್ಲ. ಯಾಕಂದ್ರೆ "ಅದು ಶುಕ್ರ ಕಣ್ರೀ" ಅಂತ ಸುಮ್ನೆ ಹೇಳಿಬಿಡೋದೂ ಅಷ್ಟೇ ಅಪಾಯ. 1948ರ ಜನವರಿ 7ರಂದು ಕೆಂಟಕಿಯಲ್ಲಿ 25 ವರ್ಷದ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಆಕಾಶದಲ್ಲಿ ಕಂಡ ವಸ್ತುವನ್ನು ಬೆನ್ನಟ್ಟಿ, ಆಮ್ಲಜನಕ ಇಲ್ಲದೆ 20,000 ಅಡಿಗೂ ಮೇಲೆ ಹೋದ. ಪ್ರಜ್ಞೆ ತಪ್ಪಿರಬೇಕು, ವಿಮಾನ ಬಿತ್ತು, ಸತ್ತ. ವಾಯುಪಡೆ ಮೊದಲು ಕೊಟ್ಟ ಉತ್ತರ ಶುಕ್ರ. ಅದರ ಸಲಹೆಗಾರ ಖಗೋಳ ವಿಜ್ಞಾನಿ ಅಲೆನ್ ಹೈನೆಕ್ ಕೂಡ ಮೊದಲು ಅದನ್ನೇ ಹೇಳಿದ್ದರು. ಶುಕ್ರ ಆ ದಿಕ್ಕಿನಲ್ಲಿ ಇದ್ದದ್ದು ನಿಜ. ಆದರೆ ಹಾಡುಹಗಲಲ್ಲಿ ಅದು ಅಷ್ಟು ದೊಡ್ಡದಾಗಿ ಕಾಣೋದು ಕಷ್ಟ. ನೌಕಾಪಡೆ ಗುಟ್ಟಾಗಿ ಹಾರಿಸುತ್ತಿದ್ದ ಸ್ಕೈಹುಕ್ ಬಲೂನ್ ಇರಬೇಕು ಅಂತ ಆಮೇಲೆ ಬಹುಪಾಲು ಜನ ಒಪ್ಪಿದರು. ದಿಕ್ಕು ಹೊಂದಿತು, ಹೊಳಪು ಹೊಂದಲಿಲ್ಲ, ಆದರೂ ಫೈಲ್ ಮುಚ್ಚಿದ್ದರು.

ಇನ್ನು ನಮ್ಮ ಸೈನಿಕರು. ಕೊರೆಯೋ ಚಳಿಯಲ್ಲಿ, ಎದುರಿಗೆ ಚೀನಾ, ದಿನಾ ರಾತ್ರಿ ಒಂದು ದೀಪ ಎದ್ದು ಬರ್ತಿದ್ರೆ ನೀವಾದ್ರೂ ಬರೆದುಕೊಳ್ಳದೇ ಇರ್ತೀರಾ? 2013ರ ಏಪ್ರಿಲ್‌ನಲ್ಲಿ ಅದೇ ಲಡಾಖಿನ ದೆಪ್ಸಾಂಗ್‌ನಲ್ಲಿ ಚೀನೀ ಸೈನಿಕರು ನಿಜವಾಗಿಯೂ ಬಂದು ಡೇರೆ ಹಾಕಿದರು, ಸುಮಾರು ಮೂರು ವಾರ ಕದಲಲಿಲ್ಲ. ಆ ಹೊತ್ತಿಗೆ ಶುಕ್ರ ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿತ್ತು.