ಮೂವರು ಎಲಿಜಬೆತ್‌ಗಳ ಜಾಡಿನಲ್ಲಿ

ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ಗೆ ಎಲಿಜಬೆತ್ ಎಂಬ ಹೆಸರಿನ ಹೆಣ್ಣುಮಕ್ಕಳು ಮೂವರು. ಮೊದಲನೆಯವಳು ಹುಟ್ಟಿದ್ದು 1785ರ ಮೇ 22ರಂದು, ಎರಡನೆಯವಳು 1791ರ ಮಾರ್ಚ್ 31ರಂದು, ಮೂರನೆಯವಳು 1792ರ ನವೆಂಬರ್‌ನಲ್ಲಿ. ತಾಯಂದಿರೂ ಮೂವರು. ಮದುವೆಯೊಳಗೆ ಹುಟ್ಟಿದವಳು ಕೊನೆಯವಳೊಬ್ಬಳೇ. ಅವಳು ಮೂರು ವರ್ಷ ತುಂಬುವ ಮೊದಲೇ ತೀರಿಹೋದಳು. ಉಳಿದಿಬ್ಬರೂ ಬೆಳೆದರು, ಮದುವೆಯಾದರು. ಬರೀ ಸೂಚಿಯಲ್ಲಿ ‘ಎಲಿಜಬೆತ್ ಬರ್ನ್ಸ್’ ಎಂದು ಹುಡುಕಿದರೆ ಮೂವರೂ ಒಂದರ ಮೇಲೊಂದು ಬಂದು ಕೂರುತ್ತಾರೆ. ಯಾರು ಯಾರೆಂದು ಬಿಡಿಸಿಕೊಳ್ಳಬೇಕಾದರೆ ಜನನದ ದಾಖಲೆಯನ್ನು ದಾಟಿ ಬೇರೆ ಕಾಗದಗಳಿಗೆ ಕೈಹಾಕಲೇಬೇಕು.

ಬಿ.ಎಂ.ಶ್ರೀ. ಕನ್ನಡಕ್ಕೆ ತಂದ ಕವಿಗಳಲ್ಲಿ ಬರ್ನ್ಸ್ ಒಬ್ಬ. ಹಾಗಾಗಿ ನಮಗೆ ಅವನು ಪೂರ್ತಿ ಅಪರಿಚಿತನಲ್ಲ. ಆದರೆ ನಾನು ಅವನ ಮಕ್ಕಳ ಹಿಂದೆ ಬಿದ್ದದ್ದು ಕಾವ್ಯಕ್ಕಾಗಿ ಅಲ್ಲ. ಸ್ಕಾಟಿಷ್ ವಂಶಾವಳಿ ಹುಡುಕುವವರಿಗೆ ಎಲ್ಲೋ ಒಂದು ಕಡೆ ಅಡ್ಡ ಬರುವುದು ತಂದೆಯ ಹೆಸರಿಲ್ಲದ ಮಗು. 1850ರ ದಶಕದಲ್ಲಿ ಸರಕಾರ ಲೆಕ್ಕ ಹಿಡಿಯತೊಡಗಿದಾಗ ಆ ದೇಶದ ನೂರು ಶಿಶುಗಳಲ್ಲಿ ಒಂಬತ್ತರ ಆಸುಪಾಸು ಮದುವೆಯಿಲ್ಲದೆ ಹುಟ್ಟಿದ್ದವು. ಈಶಾನ್ಯದ ಬ್ಯಾನ್ಫ್ ಕಡೆ ಇನ್ನೂ ಹೆಚ್ಚು. ಅಂಥ ಮಗುವಿನ ಜಾಡು ಯಾವ ಪುಸ್ತಕದಲ್ಲಿ ಸಿಗುತ್ತದೆ, ಎಲ್ಲಿ ತಪ್ಪಿಹೋಗುತ್ತದೆ ಎಂದು ತಿಳಿಯಲು ಎಲ್ಲರೂ ಬಲ್ಲ ಒಂದು ಮನೆತನವನ್ನೇ ಹಿಡಿದುಕೊಂಡೆ.

ಹುಡುಕುತ್ತ ಹೋದಂತೆ ನನಗೆ ಖಚಿತವಾದದ್ದು ಒಂದೇ: ಈ ಮಕ್ಕಳ ಬಗ್ಗೆ ಯಾರಾದರೂ ಲೇಖನಿ ಹಿಡಿದದ್ದು ‘ಇದರ ಅನ್ನ ಬಟ್ಟೆಯ ಖರ್ಚು ಯಾರ ತಲೆಗೆ?’ ಎಂಬ ಪ್ರಶ್ನೆ ಎದ್ದಾಗ. ಆ ಪ್ರಶ್ನೆ ಎದ್ದ ಕಡೆಯೆಲ್ಲ ಕಾಗದವಿದೆ.

ಮೊದಲ ಎಲಿಜಬೆತ್‌ಳನ್ನೇ ನೋಡಿ. ಅವಳ ತಾಯಿ ಎಲಿಜಬೆತ್ ಪೇಟನ್, ಬರ್ನ್ಸ್‌ನ ತಾಯಿಯ ಬಳಿ ಮನೆಗೆಲಸಕ್ಕಿದ್ದವಳು. ಮಗುವನ್ನು ಬೆಸ್ ಎಂದು ಕರೆಯುತ್ತಿದ್ದರು. ಅವಳನ್ನು ಸ್ವಾಗತಿಸಿ ಬರ್ನ್ಸ್ ಬರೆದ ಕವಿತೆ ಪ್ರಸಿದ್ಧವೇ. ಆದರೆ ಸಂಶೋಧಕನಿಗೆ ಕವಿತೆಗಿಂತ ಹೆಚ್ಚು ಹೇಳುವುದು 1786ರ ಜುಲೈ 22ರ ದಸ್ತಾವೇಜು. ಆಗ ಅವನು ಜಮೈಕಾಕ್ಕೆ ಹೊರಟು ನಿಂತಿದ್ದ. ತಮ್ಮ ಗಿಲ್ಬರ್ಟ್‌ನ ಹೆಸರಿಗೆ ತನ್ನ ಆಸ್ತಿಪಾಸ್ತಿಯನ್ನೂ, ಇನ್ನೂ ಅಚ್ಚಾಗಿ ಹೊರಬರದ ಕವಿತಾಸಂಗ್ರಹದ ಲಾಭವನ್ನೂ ಬರೆದುಕೊಟ್ಟ. ಬೆಸ್‌ಳನ್ನು ಸ್ವಂತ ಮಗಳಂತೆ ಸಾಕಿ, ಉಡಿಸಿ, ಓದಿಸಬೇಕೆಂಬುದು ಅದರ ಷರತ್ತು. ಒಂಬತ್ತು ದಿನ ಕಳೆದು, ಜುಲೈ 31ರಂದು, ಕಿಲ್ಮಾರ್ನಾಕ್‌ನಲ್ಲಿ ಪುಸ್ತಕ ಹೊರಬಂತು: 612 ಪ್ರತಿ, ಬೆಲೆ ಮೂರು ಷಿಲಿಂಗ್. ಅದರಿಂದ ಬಂದ ಹಣದಲ್ಲೇ 20 ಪೌಂಡನ್ನು ಎಲಿಜಬೆತ್ ಪೇಟನ್‌ಗೆ ಕೊಟ್ಟು ಅವಳ ಹಕ್ಕಿನ ತಗಾದೆಯನ್ನು ತೀರಿಸಲಾಯಿತು. ಸಾಹಿತ್ಯ ಚರಿತ್ರೆಯಲ್ಲಿ ಆ ಪುಸ್ತಕದ ಬಗ್ಗೆ ಓದಿದಾಗ ಈ ಲೆಕ್ಕ ಕಣ್ಣಿಗೆ ಬೀಳುವುದೇ ಇಲ್ಲ. ನನಗಂತೂ ಆ ದಸ್ತಾವೇಜಿನಲ್ಲಿ ಕಾಣುವ ತಂದೆ ಕವಿತೆಯಲ್ಲಿ ಕಾಣುವವನಷ್ಟೇ ನಿಜ.

ಅದೇ ದಸ್ತಾವೇಜಿಗೆ ಇನ್ನೊಂದು ಮುಖವೂ ಇದೆ. ಆಗ ಜೀನ್ ಆರ್ಮರ್ ಅವನಿಂದ ಬಸುರಾಗಿದ್ದಳು. ಅವಳ ತಂದೆ ಜೇಮ್ಸ್, ಮಾಕ್ಲಿನ್ ಊರಿನ ಗಾರೆ ಕೆಲಸದ ಮೇಸ್ತ್ರಿ, ಬರ್ನ್ಸ್‌ನ ಮೇಲೆ ವಾರಂಟ್ ತರಲು ಹೊರಟಿದ್ದ. ಸ್ವತ್ತೆಲ್ಲ ತಮ್ಮನ ಹೆಸರಿಗೆ ಹೋದರೆ ಆರ್ಮರ್‌ಗೆ ಜಪ್ತಿ ಮಾಡಲು ಏನೂ ಉಳಿಯುವುದಿಲ್ಲ. ಒಂದು ಮಗುವಿಗೆ ಕಟ್ಟಿದ ಬೇಲಿ, ಹುಟ್ಟಲಿರುವ ಇನ್ನೊಂದರ ಪಾಲಿಗೆ ಬಾಗಿಲು ಹಾಕಿದಂತಾಯಿತು.

ಜೀನ್‌ಳ ಕತೆಯನ್ನು ಓದಬೇಕಾದ್ದು ಮಾಕ್ಲಿನ್ ಚರ್ಚಿನ ಸಭೆಯ ನಡಾವಳಿಯಲ್ಲಿ. ‘ಕರ್ಕ್ ಸೆಷನ್’ ಎಂದು ಕರೆಯುವ ಈ ಸಭೆಯಲ್ಲಿ ಪಾದ್ರಿ ಮತ್ತು ಊರ ಹಿರಿಯರು ಕೂರುತ್ತಿದ್ದರು. ಮದುವೆಯಾಗದ ಹೆಣ್ಣು ಬಸುರಾದ ಸುದ್ದಿ ಬಂದರೆ ಅವಳನ್ನು ಕರೆಸಿ ಕೇಳುತ್ತಿದ್ದರು: ಗಂಡಸು ಯಾರು, ಎಲ್ಲಿ, ಯಾವಾಗ? ಅವನು ಒಪ್ಪಿದರೆ ಸರಿ. ಇಲ್ಲವೆಂದರೆ ಸಾಕ್ಷಿಗಳು, ಪ್ರಮಾಣ. ಹೆರಿಗೆಯ ನೋವಿನಲ್ಲಿ ಅವಳು ಯಾರ ಹೆಸರು ಹೇಳಿದಳೆಂದು ಸೂಲಗಿತ್ತಿಯನ್ನೂ ಕೇಳುತ್ತಿದ್ದರು. ಒಪ್ಪಿದವರು ಮೂರು ಭಾನುವಾರ ಇಡೀ ಸಭೆಯ ಮುಂದೆ ನಿಂತು ಛೀಮಾರಿ ಕೇಳಬೇಕು, ದಂಡ ಬಡವರ ಪೆಟ್ಟಿಗೆಗೆ ಬೀಳಬೇಕು. ಧರ್ಮದ ಮಾತಿನ ಹಿಂದೆ ಒಂದು ಲೆಕ್ಕವೂ ಇತ್ತು. ಊರ ಬಡವರನ್ನು ಸಾಕುವ ಹೊಣೆ ಇದೇ ಸಭೆಯದು. ತಂದೆ ಸಿಗದಿದ್ದರೆ ಮಗುವಿನ ಖರ್ಚು ಅದೇ ಪೆಟ್ಟಿಗೆಯಿಂದ ಹೋಗಬೇಕು.

1786ರ ಜೂನ್‌ನಲ್ಲಿ ಜೀನ್ ಪತ್ರ ಬರೆದು ಮಾಸ್‌ಗೀಲ್‌ನ ರಾಬರ್ಟ್ ಬರ್ನ್ಸ್‌ನ ಹೆಸರು ಹೇಳಿದಳು. ಅವನು ಅವಳಿಗೆ ಮದುವೆಯ ಒಪ್ಪಿಗೆಯೆಂದು ಬರೆದುಕೊಟ್ಟಿದ್ದ ಚೀಟಿಯಿಂದ ಹೆಸರುಗಳನ್ನು ಕತ್ತರಿಸಿ ತೆಗೆಸಲಾಗಿತ್ತು. ಅವಳ ತಂದೆಗೆ ಅವನು ಅಳಿಯನಾಗುವುದು ಬೇಕಿರಲಿಲ್ಲ. ಬರ್ನ್ಸ್ ಭಾನುವಾರಗಳಂದು ನಿಂತು ಛೀಮಾರಿ ಕೇಳಿದ. ಪಾದ್ರಿ ವಿಲಿಯಂ ಆಲ್ಡ್‌ನಿಂದ ತಾನು ಅವಿವಾಹಿತನೆಂಬ ಪ್ರಮಾಣ ಪತ್ರ ಪಡೆಯುವುದು ಅವನ ಉದ್ದೇಶವಾಗಿತ್ತು. ಸೆಪ್ಟೆಂಬರ್ 3ರಂದು ಜೀನ್‌ಗೆ ಅವಳಿ ಮಕ್ಕಳು ಹುಟ್ಟಿದವು, ರಾಬರ್ಟ್ ಮತ್ತು ಜೀನ್.

ಇಲ್ಲಿಗೆ ಪುಸ್ತಕ ಮುಚ್ಚಿದವನಿಗೆ ಈ ಮಕ್ಕಳು ಅಕ್ರಮ ಸಂತಾನ ಎನಿಸುತ್ತಾರೆ. ಎರಡು ವರ್ಷದ ಪುಟಗಳನ್ನು ಮಗುಚಿ 1788ರ ಆಗಸ್ಟ್ 5ಕ್ಕೆ ಬಂದರೆ ಅದೇ ಸಭೆಯ ಮುಂದೆ ಬರ್ನ್ಸ್ ಮತ್ತು ಜೀನ್ ಇಬ್ಬರೂ ನಿಂತಿದ್ದಾರೆ. ಚರ್ಚಿನ ವಿಧಿಯಿಲ್ಲದೆ ತಾವು ಗಂಡಹೆಂಡಿರಾದುದನ್ನು ಒಪ್ಪಿಕೊಂಡಿದ್ದಾರೆ, ಛೀಮಾರಿ ಕೇಳಿದ್ದಾರೆ. ಸಭೆ ಅವರ ಮದುವೆಯನ್ನು ಸ್ಥಿರಪಡಿಸಿದೆ, ಬರ್ನ್ಸ್ ಊರ ಬಡವರಿಗೆಂದು ಒಂದು ಗಿನಿ ಕೊಟ್ಟಿದ್ದಾನೆ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಪರಸ್ಪರ ಒಪ್ಪಿಗೆಯೇ ಮದುವೆಗೆ ಸಾಕಾಗಿತ್ತು. ಈ ಬಗೆಯ ಮದುವೆ 1940ರವರೆಗೂ ನಡೆಯಿತು. ತಂದೆತಾಯಿ ಆಮೇಲೆ ಮದುವೆಯಾದರೆ ಮೊದಲೇ ಹುಟ್ಟಿದ ಮಗುವೂ ಸಕ್ರಮವಾಗುತ್ತಿತ್ತು. ಅವಳಿಗಳಲ್ಲಿ ಹೆಣ್ಣುಮಗು ಅಷ್ಟರಲ್ಲಿ ತೀರಿಕೊಂಡಿತ್ತು; ಉಳಿದಿದ್ದ ರಾಬರ್ಟ್ ಈ ದಾರಿಯಿಂದ ಹಕ್ಕುಳ್ಳ ಮಗನಾದ. ಪಕ್ಕದ ಇಂಗ್ಲೆಂಡಿನಲ್ಲಿ ಇಂಥ ಕಾನೂನು ಬಂದದ್ದು 1926ರಲ್ಲಿ. ಇಂಗ್ಲಿಷ್ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಕಾಟಿಷ್ ಪುಸ್ತಕ ಓದಿದರೆ ವಂಶವೃಕ್ಷದ ಇಡೀ ಕೊಂಬೆಯ ಹಕ್ಕನ್ನೇ ತಪ್ಪಾಗಿ ತಿಳಿಯುತ್ತೇವೆ.

ಬರ್ನ್ಸ್‌ನಿಂದ ಬಸುರಾದೆವೆಂದ ಎಡಿನ್‌ಬರೋದ ಇಬ್ಬರು ಕೆಲಸದ ಹುಡುಗಿಯರು, ಮೇ ಕ್ಯಾಮರಾನ್ ಮತ್ತು ಜೆನ್ನಿ ಕ್ಲೋ, ಚರ್ಚಿನ ಬದಲು ನ್ಯಾಯಾಲಯದ ಬಾಗಿಲು ತಟ್ಟಿದರು. ಅವರು ತಂದದ್ದು, ಹೊಣೆ ಹೊರದೆ ದೇಶ ಬಿಟ್ಟು ಹೋಗಬಹುದಾದವನನ್ನು ತಡೆದು ಜಾಮೀನು ಕೇಳುವ ವಾರಂಟ್. ಜೆನ್ನಿಯ ಮಗ 1788ರಲ್ಲಿ ಹುಟ್ಟಿದ, ಹೆಸರು ಮತ್ತೆ ರಾಬರ್ಟ್. ಅನ್ನಕ್ಕೆ ದುಡಿಯುವ ಹೆಣ್ಣೊಬ್ಬಳು ಹೆಸರಾಂತ ಕವಿಯನ್ನು ಕಾನೂನಿನ ಮುಂದೆ ನಿಲ್ಲಿಸಿದಳು ಎಂಬುದನ್ನು ಅವನ ಜೀವನಚರಿತ್ರೆಯ ಅಡಿಟಿಪ್ಪಣಿಗೆ ತಳ್ಳುವುದು ನನಗೆ ಒಪ್ಪಿತವಲ್ಲ. ಅವಳ ಧೈರ್ಯ ಅವಳದೇ.

ಉಳುವ ಆಳುಮಗನ ಜೀವನಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಅವನ ಮಗುವನ್ನು ಹುಡುಕುವವರೂ ಇದೇ ಕ್ರಮ ಹಿಡಿಯಬೇಕು. 1855ಕ್ಕೆ ಮೊದಲಿನದಾದರೆ ಪ್ಯಾರಿಷ್ ಪುಸ್ತಕದ ದೀಕ್ಷಾಸ್ನಾನದ ತಾರೀಖು ಹಿಡಿದು, ಅಲ್ಲಿಂದ ಹಿಂದಕ್ಕೆ ಎಂಟೊಂಬತ್ತು ತಿಂಗಳ ಕರ್ಕ್ ಸೆಷನ್ ನಡಾವಳಿಯನ್ನು ಸಾಲುಸಾಲಾಗಿ ಓದಬೇಕು. ಹೊಲದ ಆಳುಗಳು ಆರು ತಿಂಗಳಿಗೋ ವರ್ಷಕ್ಕೋ ಕೆಲಸಕ್ಕೆ ನಿಂತು ಊರೂರು ಬದಲಾಯಿಸುತ್ತಿದ್ದರು. ಹೆಣ್ಣು ಒಂದು ಪ್ಯಾರಿಷ್‌ನಲ್ಲಿ, ಗಂಡು ಇನ್ನೊಂದರಲ್ಲಿ ಇದ್ದಾಗ ಎರಡು ಸಭೆಗಳ ನಡುವೆ ಪತ್ರ ಓಡಾಡುತ್ತಿತ್ತು. ಆದ್ದರಿಂದ ಒಂದೂರಿನ ಪುಸ್ತಕದಲ್ಲಿ ತುಂಡಾದ ಕತೆ ಪಕ್ಕದೂರಿನದರಲ್ಲಿ ಮುಂದುವರಿಯುವುದುಂಟು. ಈ ನಡಾವಳಿಗಳ ಚಿತ್ರಗಳು 2021ರಿಂದ ಅಂತರ್ಜಾಲದಲ್ಲೂ ಸಿಗುತ್ತಿವೆ. ಬಹುಪಾಲಿಗೆ ಹೆಸರಿನ ಸೂಚಿಯಿಲ್ಲ, ಕೈಬರಹ ಕಷ್ಟ, ತಾಳ್ಮೆ ಬೇಕು.

1845ರ ಬಡವರ ಕಾನೂನು ಬಂದ ಮೇಲೆ ಪ್ರಶ್ನೆ ಕೇಳುವವನು ಬದಲಾದ, ಪ್ರಶ್ನೆ ಅದೇ ಉಳಿಯಿತು. ನೆರವು ಕೇಳಿಬಂದ ತಾಯಿಯನ್ನು ಬಡವರ ಇನ್ಸ್‌ಪೆಕ್ಟರ್ ಮಗುವಿನ ತಂದೆ ಯಾರೆಂದು ಕೇಳಿ ಬರೆದುಕೊಳ್ಳುತ್ತಿದ್ದ. ಗ್ಲಾಸ್ಗೋ ನಗರದ ಅಂಥ ಅರ್ಜಿಗಳು ಮಿಚೆಲ್ ಗ್ರಂಥಾಲಯದಲ್ಲಿವೆ. 1855ರ ಜನವರಿ 1ರಿಂದ ಸರಕಾರಿ ಜನನ ನೋಂದಣಿ ಶುರುವಾಯಿತು. ಮಗುವಿನ ಹೆಸರಿನಡಿ ‘ಅಕ್ರಮ’ ಎಂಬ ಪದ, ತಂದೆಯ ಜಾಗ ಖಾಲಿ. ಅವನೇ ತಾಯಿಯ ಜೊತೆ ಬಂದು ಸಹಿ ಹಾಕಿದರೆ ಮಾತ್ರ ಹೆಸರು. ಆ ಖಾಲಿ ಜಾಗ ಕಂಡೊಡನೆ ಕೈಚೆಲ್ಲಬಾರದು, ಅಂಚನ್ನು ನೋಡಬೇಕು. ತಿದ್ದುಪಡಿ ಪುಸ್ತಕಕ್ಕೆ ಹೋಗಿ ಎಂಬ ಸಣ್ಣ ಟಿಪ್ಪಣಿ ಅಲ್ಲಿದ್ದರೆ, ಶೆರಿಫ್ ಕೋರ್ಟ್ ತಂದೆ ಯಾರೆಂದು ತೀರ್ಪು ಕೊಟ್ಟಿರಬಹುದು. ಕೋರ್ಟಿನ ಹೆಸರು, ತೀರ್ಪಿನ ತಾರೀಖು, ಅವನ ಕಸುಬು ಆ ತಿದ್ದುಪಡಿಯಲ್ಲಿ ಸಿಗುತ್ತವೆ. ಜೀವನಾಂಶದ ಮೊಕದ್ದಮೆಯ ಕಡತ ಉಳಿದಿದ್ದರೆ ಇಬ್ಬರ ಹೇಳಿಕೆಯನ್ನೂ ಓದಬಹುದು.

ಜನಗಣತಿಯನ್ನು ನಂಬುವಾಗ ಎಚ್ಚರ ಬೇಕು. ಅಜ್ಜಿಯ ಮನೆಯಲ್ಲಿ ಬೆಳೆದ ಮಗು ಅಲ್ಲಿ ಅಜ್ಜಿಯ ಮಗನೇ ಆಗಿಬಿಡುತ್ತದೆ. ದೊಡ್ಡವನಾಗಿ ಮದುವೆಯಾಗುವಾಗ ಅಜ್ಜನನ್ನೇ ತಂದೆಯೆಂದು ಬರೆಸಿಯೂ ಇರುತ್ತಾನೆ. ಹಾಗೆ ಬರೆಸಿದವನನ್ನು ಸುಳ್ಳುಗಾರ ಎನ್ನಲು ನನಗೆ ಮನಸ್ಸು ಬಾರದು. ಮದುವೆಯೊಳಗೆ, ಮದುವೆಯಾಚೆ ಎಂಬ ಈ ಭೇದವನ್ನು ಸ್ಕಾಟಿಷ್ ಕಾನೂನು ಪೂರ್ತಿ ಅಳಿಸಿದ್ದೇ 2006ರಲ್ಲಿ.

ಬೆಸ್‌ಳ ಜಾಡು ಕೊನೆತನಕ ಸ್ಪಷ್ಟ. ತಂದೆ ಸತ್ತ ಮೇಲೆ ಅವಳು, ಅಷ್ಟರಲ್ಲಿ ಮದುವೆಯಾಗಿದ್ದ ತನ್ನ ತಾಯಿಯ ಬಳಿಗೆ ಹೋದಳು, ಕವಿಯ ಕುಟುಂಬಕ್ಕೆಂದು ಕೂಡಿಸಿದ ನಿಧಿಯಿಂದ 200 ಪೌಂಡ್ ಪಡೆದಳು, ಜಾನ್ ಬಿಷಪ್‌ನನ್ನು ಮದುವೆಯಾದಳು, 1817ರ ಜನವರಿಯಲ್ಲಿ 31ನೆಯ ವಯಸ್ಸಿಗೆ ತೀರಿಕೊಂಡಳು. ಹೆಜ್ಜೆಹೆಜ್ಜೆಗೂ ಹಣವಿತ್ತು, ಹಣದ ಜೊತೆ ಬರಹವಿತ್ತು.

ನಡುವಿನ ಎಲಿಜಬೆತ್, ಬೆಟ್ಟಿ, ಹುಟ್ಟಿದ್ದು ಡಮ್‌ಫ್ರೀಸ್‌ನ ಗ್ಲೋಬ್ ಇನ್ ಎಂಬ ಹೋಟೆಲಿನ ಆನ್ ಪಾರ್ಕ್‌ಗೆ. ಒಂಬತ್ತು ದಿನಕ್ಕೆ, ಏಪ್ರಿಲ್ 9ರಂದು, ಜೀನ್ ಆರ್ಮರ್ ತಾನೂ ಗಂಡುಮಗು ಹೆತ್ತಳು. ಕೆಲಕಾಲದಲ್ಲಿ ಬೆಟ್ಟಿ ಜೀನ್‌ಳ ಮಡಿಲಿಗೆ ಬಂದಳು, ಅವಳ ಮಕ್ಕಳ ಜೊತೆಯಲ್ಲೇ ಬೆಳೆದಳು. ಜಾನ್ ಥಾಮ್ಸನ್ ಎಂಬವನನ್ನು ಮದುವೆಯಾಗಿ ಗ್ಲಾಸ್ಗೋ ಬಳಿಯ ಪೊಲಕ್‌ಶಾಸ್‌ನಲ್ಲಿ ಬಾಳಿ 1873ರಲ್ಲಿ ತೀರಿಕೊಂಡಳು. ಹಾಗಾಗಿ ಅವಳ ಸಾವು 1855ರ ನಂತರದ ಸರಕಾರಿ ಪುಸ್ತಕದ ಕಾಲಕ್ಕೆ ಬರುತ್ತದೆ.

ಆನ್ ಪಾರ್ಕ್ ಮಾತ್ರ 1791ರ ನಂತರ ಕಾಣೆ. ಹೆರಿಗೆಯಲ್ಲೇ ಸತ್ತಳೆನ್ನುವವರಿದ್ದಾರೆ, ಬೇರೆ ಊರಿಗೆ ಹೋಗಿ ಮದುವೆಯಾದಳೆನ್ನುವವರಿದ್ದಾರೆ. ಎರಡಕ್ಕೂ ಗಟ್ಟಿ ಪುರಾವೆಯಿಲ್ಲ. ಜೀನ್ ಮಗುವನ್ನು ತನ್ನದಾಗಿಸಿಕೊಂಡ ಮೇಲೆ ಜೀವನಾಂಶ ಕೇಳುವವರು ಯಾರೂ ಉಳಿಯಲಿಲ್ಲ. ಜೆನ್ನಿ ಕ್ಲೋಳಂತೆ ವಾರಂಟ್ ಇಲ್ಲ, ಎಲಿಜಬೆತ್ ಪೇಟನ್‌ಳಂತೆ 20 ಪೌಂಡಿನ ಒಪ್ಪಂದ ಇಲ್ಲ. ಆನ್ ಪಾರ್ಕ್ ಎಂಬ ಹೆಸರಿನ ಹೆಂಗಸರು ಆ ಕಾಲದ ಪ್ಯಾರಿಷ್ ಪುಸ್ತಕಗಳಲ್ಲಿ ಬೇರೆಯವರೂ ಇದ್ದಾರೆ. ಅವರಲ್ಲಿ ಒಬ್ಬಳನ್ನು ಗ್ಲೋಬ್ ಇನ್‌ಗೆ ಗಂಟು ಹಾಕಲು ಊರು, ತಾರೀಖು, ತಂದೆಯ ಕಸುಬು, ಇಂಥದ್ದೊಂದಾದರೂ ಹೊಂದಿಕೆಯಾಗಬೇಕು. ಬರಿಯ ಹೆಸರಿನ ಮೇಲೆ ಅವಳಿಗೊಂದು ಮದುವೆಯನ್ನೋ ಸಾವನ್ನೋ ಕಟ್ಟಿಕೊಡಲು ನಾನು ಸಿದ್ಧನಿಲ್ಲ.