ಬಯಲ್ನಾಡಿನ ಮೀನೂ ಮಕ್ಕಳೂ

ವಯನಾಡೆಂಬ ಹೆಸರಿಗೆ ಹಲವರು ಹಲವು ವ್ಯುತ್ಪತ್ತಿಗಳನ್ನು ಹೇಳುವರಾದರೂ ‘ವಯಲ್ ನಾಡು’, ಎಂದರೆ ಗದ್ದೆಬಯಲುಗಳ ನಾಡು, ಎಂಬ ಅರ್ಥವೇ ಬಹುಜನರಿಗೆ ಒಪ್ಪಿಗೆಯಾಗಿದೆ. ಕನ್ನಡ ಶಾಸನಗಳು ಇದನ್ನು ಬಯಲ್ನಾಡೆಂದು ಕರೆದಿವೆ. ಇದನ್ನಾಳಿದ ಕದಂಬ ಶಾಖೆಗೆ ಬಯಲ್ನಾಡಿನ ಕದಂಬರೆಂದೇ ಹೆಸರು. ಅರಸರು ಅಳಿದರು, ಗದ್ದೆಗಳೂ ಅವುಗಳ ನಡುವಣ ತೋಡುಗಳೂ ಉಳಿದವು. ಆ ತೋಡುಗಳಲ್ಲಿ ತಾಯಿ ತಂದೆ ಮಕ್ಕಳು ಕೂಡಿ ಮೀನು ಹಿಡಿದು ಬದುಕಿದ ಚರಿತ್ರೆಯನ್ನು ಕಲ್ಲಿನಲ್ಲಿ ಕೆತ್ತಿಸಿದವರಿಲ್ಲ.

ಪನಮರಂ ಹೊಳೆಯೂ ಮಾನಂತವಾಡಿ ಹೊಳೆಯೂ ಸಂಗಮಿಸಿ ಕಬಿನಿಯಾಗುತ್ತವೆ. ಕೇರಳದ ನದಿಗಳಲ್ಲಿ ಪೂರ್ವಾಭಿಮುಖವಾಗಿ ಹರಿಯುವವು ಮೂರೇ. ಅವುಗಳಲ್ಲೊಂದಾದ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದನ್ನು ವಾಚಕರು ಬಲ್ಲರು. ಜೂನ್ ತಿಂಗಳ ಮೊದಲ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲೆಂದು ಪ್ರವಾಹಕ್ಕೆದುರಾಗಿ ತೋಡುಗಳನ್ನೇರಿ ಗದ್ದೆಗಳನ್ನು ಹೊಗುತ್ತದೆ. ಇದನ್ನು ಮಲೆನಾಡಿನ ಕನ್ನಡಿಗರು ಹತ್ತುಮೀನೆನ್ನುವರು, ಮಲೆಯಾಳಿಗಳು ಊತ್ತವೆನ್ನುವರು.

ಹಿಡಿಯುವ ಕ್ರಮ ಒಂದೊಂದು ಜನಕ್ಕೆ ಒಂದೊಂದು ಬಗೆ. ಪಳಶ್ಶಿರಾಜನ ಪಕ್ಷದಲ್ಲಿ 1805ರವರೆಗೆ ಆಂಗ್ಲರೊಡನೆ ಕಾದಿದ ಕುರಿಚ್ಯರು ಬಿಲ್ಲುಬಾಣದಿಂದಲೇ ಮೀನನ್ನು ಹೊಡೆಯಬಲ್ಲರು. ಪಣಿಯರಲ್ಲಾದರೋ ಇದು ಇಡೀ ಮನೆಯ ಕೆಲಸ. ಗಂಡಸರು ನೀರಿಗೆ ಅಡ್ಡಗಟ್ಟುವರು. ಹೆಂಗಸರು ಬುಟ್ಟಿಯಿಂದ ಕೆಸರುನೀರನ್ನು ಗೋರುವರು. ಬದುವಿನ ಮೇಲಿನ ಮಗು ಹಿಡಿದುದನ್ನು ಕಾಯುವುದು, ಬದುವಿನ ಬಿಲದ ಏಡಿಯನ್ನು ಹುಡುಕುವುದು. ಕೊರವ ಯಾವುದು, ಮುಳ್ಳಿನಿಂದ ಚುಚ್ಚುವ ಮುಗುಡು ಯಾವುದು, ಯಾವ ನೀರು ಅಪಾಯದ್ದು ಎಂಬುದೆಲ್ಲವನ್ನೂ ಐದಾರು ವರ್ಷದ ಆ ಮಗು ಅಲ್ಲಿಯೇ ಕಲಿಯುವುದು.

ಇದನ್ನು ವಿನೋದವೆಂದು ಭಾವಿಸಿದರೆ ತಪ್ಪಾದೀತು. ಪಣಿಯರು ತಲೆತಲಾಂತರದಿಂದ ಅನ್ಯರ ಗದ್ದೆಯಲ್ಲಿ ಜೀತಕ್ಕಿದ್ದವರು. ವಳ್ಳಿಯೂರ್‌ಕಾವಿನ ಉತ್ಸವಕಾಲದಲ್ಲಿ ಒಡೆಯನು ಕೊಂಚ ಹಣ ಕೊಟ್ಟನೆಂದರೆ ಒಂದು ವರ್ಷದ ದುಡಿಮೆ ಅವನದಾಗುತ್ತಿತ್ತು. ಜೀತಪದ್ಧತಿಯನ್ನು ರದ್ದುಗೊಳಿಸಿದ ಕಾಯಿದೆ ಬಂದುದು 1976ರಲ್ಲಿ. ಕೂಲಿಯೆಂದರೆ ಅಳೆದು ಕೊಡುವ ಭತ್ತ; ಕೆಲಸವಿಲ್ಲದ ಮಳೆಯ ದಿನ ಅದೂ ಇಲ್ಲ. ಕರ್ಕಾಟಕ ಮಾಸದ ಆ ಹಸಿವಿನಲ್ಲಿ ಒಡೆಯನ ಅಳತೆಗೆ ಸಿಕ್ಕದೆ ಉಳಿದ ಆಹಾರ ಗದ್ದೆಯ ಮೀನು ಏಡಿಗಳೇ. ನೆಲ ಒಡೆಯನದು, ಬೆಳೆ ಒಡೆಯನದು. ನೀರಿನೊಳಗಿನ ಮೀನು ಮಾತ್ರ ಹಿಡಿದವನದು.

ಇಲ್ಲಿ ಶಿಕ್ಷಕನಾದ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ಶಾಲೆ ತೆರೆಯುವುದೂ ಜೂನ್, ಮೀನು ಏರುವುದೂ ಜೂನ್. ಕೆಲವು ವರ್ಷಗಳ ಹಿಂದೆ ನಾಲ್ಕು ದಿನ ಬಾರದ ಹುಡುಗನೊಬ್ಬನಿಗೆ ಸೋಮಾರಿಯೆಂದು ಎಲ್ಲರೆದುರು ಗದರಿದೆ. ಆತ ತಲೆ ತಗ್ಗಿಸಿ, “ಮನೆಯಲ್ಲಿ ಅಕ್ಕಿ ಇರಲಿಲ್ಲ ಮಾಷೇ, ಅಮ್ಮನ ಜೊತೆ ತೋಡಿಗೆ ಹೋಗಿದ್ದೆ” ಎಂದ. ಹಾಜರಿ ಪುಸ್ತಕದಲ್ಲಿ ನಾನು ಹಾಕಿದ್ದ ಗೈರುಹಾಜರಿಯ ಗುರುತುಗಳು ಅಂದು ನನ್ನನ್ನೇ ಪ್ರಶ್ನಿಸಿದವು.

ಇಂದು ಆ ತೋಡುಗಳೂ ಬಡವಾಗಿವೆ. ಅನೇಕ ಗದ್ದೆಗಳು ಬಾಳೆತೋಟಗಳಾದವು. ಬಾಳೆಗೆ ಹಾಕಿದ ವಿಷ ನೀರಿಗಿಳಿಯಿತು. ಮೊಟ್ಟೆಯಿಡಲು ಏರುವ ಮೀನನ್ನು ಹಿಡಿಯುವುದು 2010ರ ಕೇರಳದ ಒಳನಾಡು ಮೀನುಗಾರಿಕೆ ಕಾಯಿದೆಯ ಪ್ರಕಾರ ಅಪರಾಧ. ಮೀನಿನ ಸಂತತಿ ಉಳಿಯಬೇಕೆಂಬ ಉದ್ದೇಶ ಯೋಗ್ಯವೇ ಸರಿ. ಆದರೆ ಗದ್ದೆಯನ್ನೇ ಇಲ್ಲವಾಗಿಸಿದವರ ಪಾಲೆಷ್ಟು, ಬುಟ್ಟಿ ಹಿಡಿದ ತಾಯಿಯ ಪಾಲೆಷ್ಟು ಎಂಬುದನ್ನು ತೂಗಿ ನೋಡುವುದೂ ನ್ಯಾಯವಲ್ಲವೇ?

ಈಗ ಜೂನ್ ತಿಂಗಳ ಮೊದಲ ಪಾಠಕ್ಕೆ ನಾನು ಪುಸ್ತಕ ತೆರೆಯುವುದಿಲ್ಲ. ತಮಗೆ ತಿಳಿದ ಮೀನುಗಳ ಹೆಸರನ್ನು ಹೇಳಿರೆಂದು ಮಕ್ಕಳನ್ನು ಕೇಳುತ್ತೇನೆ. ಹಿಂದಿನ ಬೆಂಚಿನ ಮಕ್ಕಳೇ ಅಂದು ಮೊದಲು ಕೈಯೆತ್ತುವರು. ಬಯಲ್ನಾಡಿನ ಚರಿತ್ರೆಯಲ್ಲಿ ಬರೆಯದೆ ಉಳಿದ ಅಧ್ಯಾಯ ಅವರ ಬಾಯಿಯಲ್ಲಿದೆ.